ಟಾಲ್ಕಿನ್ ಅಲ್ಲಗಳೆದ ಯುದ್ಧ, ಒಪ್ಪಿಕೊಂಡ ಯುದ್ಧ

ಫ್ಯಾಂಟಸಿ ಕಥೆ ಕಳಿಸುವ ಕೆಲವರು ಕೊನೆಗೊಂದು ಟಿಪ್ಪಣಿಯನ್ನೂ ಲಗತ್ತಿಸುತ್ತಾರೆ: ರಾಕ್ಷಸನೆಂದರೆ ಗಣಿ ಕಂಪನಿ, ಬತ್ತಿದ ಕೊಳವೆಂದರೆ ಪ್ರಜಾಪ್ರಭುತ್ವ. ಓದುಗರಿಗೆ ತಿಳಿಯದೇ ಹೋದರೆ ಎಂಬ ಆತಂಕ. ಜೆ.ಆರ್.ಆರ್. ಟಾಲ್ಕಿನ್ ಅವರ ಕಷ್ಟ ಇದಕ್ಕೆ ತಿರುಗುಮುರುಗು. ಅವರ ಓದುಗರಿಗೆ ಎಲ್ಲವೂ ತಿಳಿದುಬಿಟ್ಟಿತ್ತು.

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮೂರು ಸಂಪುಟಗಳಾಗಿ ಬಂದದ್ದು 1954-55ರಲ್ಲಿ. ಹಿರೋಶಿಮಾದ ನೆನಪು ಇನ್ನೂ ಹಸಿಯಾಗಿತ್ತು. ಯಾರ ಕೈಗೂ ಸಿಗಬಾರದ ಆ ಮಾಟದ ಉಂಗುರ ಅಣುಬಾಂಬೇ ಸರಿ ಎಂದು ಅನೇಕರು ತೀರ್ಮಾನಿಸಿದರು. ಸ್ವೀಡಿಷ್ ಅನುವಾದಕ ಓಕೆ ಓಲ್‌ಮಾರ್ಕ್ಸ್ ದುಷ್ಟ ಸೌರಾನ್‌ನ ಜೊತೆ ಸ್ಟಾಲಿನ್ ಹೆಸರನ್ನೂ ತಂದಾಗ, 1961ರಲ್ಲಿ ಟಾಲ್ಕಿನ್ ತಮ್ಮ ಪ್ರಕಾಶಕರಿಗೆ ಖಾರವಾಗಿಯೇ ಪತ್ರ ಬರೆದರು.

ಎಲ್ಲರಿಗೂ ಸೇರಿಸಿ ಉತ್ತರ ಕೊಟ್ಟದ್ದು 1960ರ ದಶಕದ ನಡುವೆ ಬಂದ ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ. ಉಂಗುರದ ಗುಟ್ಟು ಬಯಲಾಗುವ ಅಧ್ಯಾಯ 1939ರ ಯುದ್ಧ ಅನಿವಾರ್ಯವೆನಿಸುವ ಮೊದಲೇ ಬರೆದದ್ದು ಎಂಬುದು ಒಂದು ವಾದ. ಅದು ಬರೀ ತಾರೀಖಿನ ಲೆಕ್ಕ. ಎರಡನೆಯದು ನೋಡಿ. ನಿಜವಾದ ಯುದ್ಧವೇ ಕಥೆಯನ್ನು ನಡೆಸಿದ್ದರೆ ಉಂಗುರವನ್ನು ಯಾರೂ ನಾಶಮಾಡುತ್ತಿರಲಿಲ್ಲ. ಕಿತ್ತುಕೊಂಡು ಸೌರಾನ್ ಮೇಲೆಯೇ ಪ್ರಯೋಗಿಸುತ್ತಿದ್ದರು. ಅವನ ಕೋಟೆ ಉರುಳುತ್ತಿರಲಿಲ್ಲ, ಅದರೊಳಗೆ ಹೊಸ ಸೇನೆ ಬೀಡುಬಿಡುತ್ತಿತ್ತು. ಮೋಸಗಾರ ಸಾರುಮಾನ್ ಗದ್ದಲದಲ್ಲೇ ಉಳಿದ ವಿದ್ಯೆ ಕದ್ದು ತನ್ನದೇ ಉಂಗುರ ಎರಕ ಹೊಯ್ಯುತ್ತಿದ್ದ. ಎರಡೂ ಪಾಳೆಯದವರು ಕಥೆಯ ಕುಳ್ಳ ನಾಯಕರಾದ ಪಾಪದ ಹಾಬಿಟ್‌ಗಳನ್ನು ಗುಲಾಮರಾಗಿಯೂ ಉಳಿಸುತ್ತಿರಲಿಲ್ಲ. ಎರಡು ಪಾಳೆಯ, ಎರಡು ಉಂಗುರ: ಅಣುಬಾಂಬಿನ ಓದನ್ನು ತಳ್ಳಿಹಾಕುವ ಭರದಲ್ಲಿ ಅವರು ಶೀತಲ ಸಮರದ ಚಿತ್ರವನ್ನೇ ಬರೆದಿಟ್ಟರು. ಬಾಂಬನ್ನು ಕಂಡ ಓದುಗರಾರೂ ಇಷ್ಟು ಆಳಕ್ಕೆ ಹೋದಂತೆ ನನಗೆ ಕಾಣುವುದಿಲ್ಲ.

ಅನ್ಯೋಕ್ತಿಯೆಂದರೆ ತಮಗೆ ಆಗದು, ಕಥೆಯನ್ನು ತನ್ನ ಬದುಕಿಗೆ ಅನ್ವಯಿಸಿಕೊಳ್ಳುವ ಸ್ವಾತಂತ್ರ್ಯ ಓದುಗನದು ಎಂಬ ಅವರ ಮಾತು ಪ್ರಸಿದ್ಧ. ಆದರೆ ಇದೇ ಪ್ರಾಧ್ಯಾಪಕರು 1936ರಲ್ಲಿ ಹಳೆಯ ಇಂಗ್ಲಿಷ್ ಕಾವ್ಯ ‘ಬೇವುಲ್ಫ್’ ಕುರಿತ ಉಪನ್ಯಾಸದಲ್ಲಿ ವಿಮರ್ಶಕರನ್ನು ತರಾಟೆಗೆ ತೆಗೆದುಕೊಂಡದ್ದು ಒಂದು ಅಪ್ಪಟ ಅನ್ಯೋಕ್ತಿಯಿಂದಲೇ. ಹಳೆಯ ಕಲ್ಲುಗಳಿಂದ ಒಬ್ಬ ಗೋಪುರ ಕಟ್ಟುತ್ತಾನೆ; ಆ ಕಲ್ಲುಗಳು ಎಲ್ಲಿಯವೆಂದು ಹುಡುಕಲು ಗೆಳೆಯರು ಗೋಪುರವನ್ನೇ ಕೆಡವುತ್ತಾರೆ. ಅದರ ತುದಿಯಿಂದ ಸಮುದ್ರ ಕಾಣುತ್ತಿತ್ತು! ಇನ್ನು 1953ರಲ್ಲಿ ಮುಂದೆ ಪಾದ್ರಿಯಾದ ಗೆಳೆಯರೊಬ್ಬರಿಗೆ, ಈ ಕಾದಂಬರಿ ಮೂಲತಃ ಕ್ಯಾಥೊಲಿಕ್ ಕೃತಿ ಎಂದೂ ಬರೆದಿದ್ದರು. ಹಾಗಾಗಿ ಲೇಖಕರ ನಿರಾಕರಣೆಯನ್ನು ಇಡಿಯಾಗಿ ನಂಬಬೇಕಿಲ್ಲ.

ನನಗನಿಸುವುದು, ಓದುಗರು ಮೂಸಿದ ಹೊಗೆ ಯುದ್ಧದ್ದೇ, ಆದರೆ ಹಿಂದಿನ ಯುದ್ಧದ್ದು. ಟಾಲ್ಕಿನ್ 1916ರಲ್ಲಿ, ಮೊದಲ ಮಹಾಯುದ್ಧದ ಸೊಮ್ ಕದನದ ಕಂದಕಗಳಲ್ಲಿದ್ದವರು, ಅಲ್ಲಿಂದ ಜ್ವರ ಹತ್ತಿಸಿಕೊಂಡು ಮರಳಿದವರು. 1918ರ ಹೊತ್ತಿಗೆ ಒಬ್ಬರನ್ನು ಬಿಟ್ಟರೆ ಆಪ್ತ ಗೆಳೆಯರೆಲ್ಲ ಸತ್ತಿದ್ದರು ಎಂದು ಅದೇ ಮುನ್ನುಡಿಯಲ್ಲಿ ನೆನಪಿಸುತ್ತಾರೆ. ಕಾದಂಬರಿಯಲ್ಲಿ ನೀರಿನಡಿಯಿಂದ ಹೆಣದ ಮುಖಗಳು ನೋಡುವ ಜೌಗುನೆಲಕ್ಕೆ ಸೊಮ್ ನಂತರದ ಉತ್ತರ ಫ್ರಾನ್ಸಿನ ಋಣ ಸ್ವಲ್ಪ ಇದೆಯೆಂದು 1960ರ ಪತ್ರವೊಂದರಲ್ಲಿ ಒಪ್ಪಿಕೊಂಡಿದ್ದಾರೆ.

ಹಾಬಿಟ್‌ಗಳು ಮರಳಿದಾಗ ಊರು ಹಾಳಾಗಿರುವ ಅಧ್ಯಾಯವನ್ನು ಕೆಲವರು ಯುದ್ಧಾನಂತರದ ಇಂಗ್ಲೆಂಡ್ ಎಂದು ಓದಿದರು. ಅಲ್ಲ ಎಂದರು ಟಾಲ್ಕಿನ್. ತಮಗೆ ಹತ್ತು ತುಂಬುವ ಮೊದಲೇ ಬಾಲ್ಯದ ಸೀಮೆ ಹಾಳಾಗತೊಡಗಿತ್ತಂತೆ. ಅಲ್ಲಿದ್ದ ಹಿಟ್ಟಿನ ಗಿರಣಿಯನ್ನೂ ನೆನೆದರು. ಗಿರಣಿಯ ಕಿರಿಯ ಯಜಮಾನನ ಮುಖ ತಮಗೆಂದೂ ಹಿಡಿಸಲಿಲ್ಲ, ಅವನಪ್ಪನಿಗೆ ಕಪ್ಪು ಗಡ್ಡವಿತ್ತು ಎಂದರು. ಇಷ್ಟು ಹೇಳಿದ ಮೇಲೆ ಓದುಗರು ಇನ್ನೆಲ್ಲಿ ಕಾದಂಬರಿಯ ಗಿರಣಿಯವನ ಜೊತೆ ತಳುಕು ಹಾಕುತ್ತಾರೋ ಎಂದು, ಆ ಗಡ್ಡದವನ ಹೆಸರು ಸ್ಯಾಂಡಿಮನ್ ಅಲ್ಲ ಎಂದೂ ಸೇರಿಸಿದರು.