ತುಕ್ಕು ಹೋಯ್ತು, ಜಿಡ್ಡು ಎಲ್ಲಿಗೆ ಹೋಯ್ತು?

ಕಳೆದ ರಜೆಯಲ್ಲಿ ನಾವು ನಾಲ್ಕು ಜನ ಪ್ರಾಜೆಕ್ಟ್‌ಗೆ ಅಂತ ಬೆಂಗಳೂರಿನ ಒಂದು ಗುಜರಿ ಅಂಗಡಿಯಿಂದ ಹಳೇ ಮಾರುತಿ 800ರ ಎರಡು ಬ್ರೇಕ್ ಡ್ರಮ್, ಒಂದು ಸ್ಟೀರಿಂಗ್ ನಕಲ್ ತಂದ್ವಿ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದ್ದರೂ ನಮ್ಮ ಬಜೆಟ್‌ಗೆ ಅದೇ ಗತಿ. ತಂದ ಮಾಲು ಕಬ್ಬಿಣವೋ ಕೆಸರೋ ಗೊತ್ತಾಗದ ಹಾಗಿತ್ತು.

ಸೀದಾ ವಿನೆಗರ್ ಬಕೆಟ್‌ಗೆ ಮುಳುಗಿಸಿ ಮಲಗಿದ್ವಿ. ಬೆಳಿಗ್ಗೆ ನೋಡಿದ್ರೆ ತುಕ್ಕು ಹಾಗೇ ಇದೆ! ಜಿಡ್ಡಿನ ಪದರ ದಾಟಿ ಆಮ್ಲ ಒಳಗೆ ಹೋಗೋದೇ ಇಲ್ಲ ಅನ್ನೋದು ಆಗ ಹೊಳೀತು. ಡೀಸೆಲ್ ತಂದು, ಬ್ರಷ್ ಹಿಡಿದು ಉಜ್ಜಿದ್ವಿ. ಕೊನೆಗೆ ಉಳಿದ ಕಪ್ಪು ನೀರನ್ನೆಲ್ಲ ಮನೆ ಮುಂದಿನ ಮೋರಿಗೆ ಸುರಿದು ಕೈ ತೊಳ್ಕೊಂಡ್ವಿ.

ಮಾರನೇ ದಿನವೂ ಮೋರಿ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲ್ತಾ ಇತ್ತು. ಆ ಮೋರಿ ಸೇರೋದು ರಾಜಕಾಲುವೆಗೆ, ರಾಜಕಾಲುವೆ ಸೇರೋದು ಕೆರೆಗೆ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿದ್ದರ ಬಗ್ಗೆ ಫಸ್ಟ್ ಇಯರ್‌ನಲ್ಲಿ ಪ್ರೆಸೆಂಟೇಶನ್ ಕೊಟ್ಟು ಚಪ್ಪಾಳೆ ಗಿಟ್ಟಿಸಿದವರು ನಾವೇ!

"ಗ್ಯಾರೇಜ್‌ನವರು ದಿನಾ ಸುರೀತಾರೆ, ನಮ್ಮ ಅರ್ಧ ಲೀಟರ್ ಯಾವ ಲೆಕ್ಕ?" ಅಂತ ನಮ್ಮಲ್ಲೇ ವಾದ ಬಂತು. ಆದರೆ ಎಷ್ಟೋ ಗ್ಯಾರೇಜ್‌ಗಳಲ್ಲಿ ಹಳೇ ಎಣ್ಣೆಗೆ ಒಂದು ಡ್ರಮ್ ಇರುತ್ತೆ, ಅದು ಮಾರಾಟವೂ ಆಗುತ್ತೆ. ನಮ್ಮ ಹತ್ರ ಆ ಡ್ರಮ್ ಕೂಡ ಇರಲಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ ಅನ್ನೋದನ್ನ ನಾವು ಓದಿದ್ದು ಸುರಿದ ಮೇಲೆ.

ಎರಡನೇ ಡ್ರಮ್‌ಗೆ ಬೇರೆ ದಾರಿ ಹಿಡಿದ್ವಿ. ಮೊದಲು ಒಳಗಿನ ಧೂಳನ್ನು ಒದ್ದೆ ಮಾಡಿ ಒರೆಸಿದ್ವಿ. ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಸ್ ಇರಬಹುದು, ಅದನ್ನ ಯಾವತ್ತೂ ಊದಬಾರದು. ಆಮೇಲೆ ಮರದ ಚೂರಿನಿಂದ ಜಿಡ್ಡು ಕೆರೆದು, ಉಳಿದದ್ದಕ್ಕೆ ಮರದ ಹೊಟ್ಟು ಹಾಕಿ ಒರೆಸಿದ್ವಿ. ಇಷ್ಟಾದ ಮೇಲೆ ಒಂದು ಲೋಟ ಡೀಸೆಲ್ ಸಾಕಾಯ್ತು. ಪೆಟ್ರೋಲ್ ಮಾತ್ರ ಬೇಡ. ಅದರ ಆವಿಗೆ ಒಂದು ಕಿಡಿ ಸಾಕು. ನಂತರ ಬಿಸಿನೀರು, ಸೋಪು. ತುಕ್ಕಿಗೆ, ಲೀಟರ್ ನೀರಿಗೆ ಸುಮಾರು 50 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ರಾತ್ರಿಯಿಡೀ ನೆನೆಸಿದ್ವಿ. ಬೆಳಿಗ್ಗೆ ಸೋಡಾ ನೀರಲ್ಲಿ ತೊಳೆದು, ತಕ್ಷಣ ಒಣಗಿಸಿ, ಹೊರಮೈಗೆ ಮಾತ್ರ ತೆಳುವಾಗಿ ಎಣ್ಣೆ ಹಚ್ಚಿದ್ವಿ. ಒಳಗೆ ಬ್ರೇಕ್ ಶೂ ಉಜ್ಜೋ ಜಾಗಕ್ಕೆ ಎಣ್ಣೆ ತಾಗಿದ್ರೆ ಬ್ರೇಕೇ ಹಿಡಿಯಲ್ಲ!

ಡೀಸೆಲನ್ನ ಮುಚ್ಚಳ ಇರೋ ಡಬ್ಬದಲ್ಲಿ ಎರಡು ದಿನ ಅಲುಗಾಡದಂತೆ ಇಟ್ವಿ. ಕೊಳೆ ಕೆಳಗೆ ಕೂತು, ಮೇಲಿನದು ನಕಲ್ ತೊಳೆಯೋಕೂ ಬಂತು. ತಳದ ಗಸಿಯನ್ನ ಒಂದು ಗ್ಯಾರೇಜ್‌ನವರನ್ನ ಕೇಳಿ ಅವರ ಡ್ರಮ್‌ಗೇ ಹಾಕಿದ್ವಿ. ಎಣ್ಣೆ ಹೀರಿದ ಹೊಟ್ಟು ಮಾತ್ರ ಕವರ್‌ನಲ್ಲಿ ಕಟ್ಟಿ ಇನ್ನೂ ನಮ್ಮ ಹತ್ರವೇ ಇದೆ.

ಹಳೇ ಭಾಗ ಬಳಸಿದ್ದಕ್ಕೆ ನಾವೆಲ್ಲ ರಿಪೋರ್ಟ್‌ನಲ್ಲಿ 'ಮರುಬಳಕೆ' ಅಂತ ದೊಡ್ಡದಾಗಿ ಬರೀತೀವಿ. ಡ್ರಮ್ಮಿನ ತೂಕ ಗ್ರಾಂ ಲೆಕ್ಕದಲ್ಲಿ ಇರುತ್ತೆ, ತೊಳೆದ ಕೊಳೆಯ ಬಗ್ಗೆ ಒಂದು ಸಾಲೂ ಇರಲ್ಲ. ನಮ್ಮ ಮನವಿ ಇಷ್ಟೇ: ಪ್ರತಿ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಎಷ್ಟು ಡೀಸೆಲ್ ತಂದ್ವಿ, ಅದು ಎಲ್ಲಿಗೆ ಹೋಯ್ತು ಅಂತ ಒಂದು ಸಾಲು ಇರಲಿ. ಕಾಲೇಜ್ ವರ್ಕ್‌ಶಾಪ್‌ನಲ್ಲಿ ಹಳೇ ಎಣ್ಣೆಗೆ, ಎಣ್ಣೆ ಬಟ್ಟೆ-ಹೊಟ್ಟಿಗೆ ಒಂದೊಂದು ಡಬ್ಬ ಇಡಲಿ. ನಮ್ಮ ಕವರ್ ಆ ಡಬ್ಬಕ್ಕೇ ಕಾಯ್ತಾ ಇದೆ.