ಗೊರಿಲ್ಲಗಳ ಕಾಡಿಗೆ ಹೋಗುವ ಮುನ್ನ

ಆಫ್ರಿಕ ಖಂಡದ ವನ್ಯಜೀವಿಗಳೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಹೊಳೆಯುವುದು ವಿಶಾಲವಾದ ಹುಲ್ಲುಗಾವಲು, ಅಲ್ಲಿ ಮೇಯುತ್ತಿರುವ ಜೀಬ್ರಗಳ ಹಿಂಡು, ದೂರದಲ್ಲಿ ಹೊಂಚುತ್ತಿರುವ ಸಿಂಹ. ಹಗಲಿನಲ್ಲಿಯೂ ನೆಲಕ್ಕೆ ಬಿಸಿಲು ಸರಿಯಾಗಿ ತಾಗದ ಮಳೆಕಾಡುಗಳೂ ಆ ಖಂಡದಲ್ಲಿವೆಯೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಯುಗಾಂಡ ದೇಶದ ನೈಋತ್ಯ ಮೂಲೆಯಲ್ಲಿರುವ ಬ್ವಿಂಡಿ ರಾಷ್ಟ್ರೀಯ ಉದ್ಯಾನ ಅಂತಹ ಒಂದು ಕಾಡು. ‘ಉದ್ಯಾನ’ವೆಂಬ ಮಾತನ್ನು ಕೇಳಿ ಯಾರೂ ಮೋಸಹೋಗಬಾರದು, ‘ನುಗ್ಗಲಾಗದ್ದು’ ಎಂಬ ವಿಶೇಷಣವೇ ಆ ಕಾಡಿನ ಅಧಿಕೃತ ನಾಮಧೇಯದಲ್ಲಿ ಸೇರಿಕೊಂಡಿದೆ.

ಅದರ ವಿಸ್ತೀರ್ಣ ಸುಮಾರು ೩೩೦ ಚದರ ಕಿಲೋಮೀಟರು. ಸಮುದ್ರಮಟ್ಟದಿಂದ ೧,೧೬೦ ಮೀಟರು ಎತ್ತರದಲ್ಲಿ ತೊಡಗಿ ೨,೬೦೦ ಮೀಟರನ್ನೂ ಮೀರಿ ಏರುವ ಕಡಿದಾದ ಬೆಟ್ಟಗಳ ಸಾಲು ಅದು. ಕಳೆದ ಹಿಮಯುಗದಲ್ಲಿ ಆಫ್ರಿಕದ ಹವೆ ಒಣಗಿ ಮಳೆಕಾಡುಗಳು ಕುಗ್ಗಿಹೋದಾಗಲೂ ಇಲ್ಲಿನ ಕಾಡು ಅಳಿಯದೆ ಉಳಿಯಿತೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ. ಆ ಕಷ್ಟಕಾಲದಲ್ಲಿ ಇಲ್ಲಿ ತಲೆಮರೆಸಿಕೊಂಡ ಜೀವಿಗಳ ಸಂತತಿಯೇ ಇಂದಿನ ವೈವಿಧ್ಯಕ್ಕೆ ಮೂಲ. ಗೊರಿಲ್ಲ ಮತ್ತು ಚಿಂಪಾಂಜಿ ಎರಡೂ ಒಂದೇ ಕಾಡಿನಲ್ಲಿ ಬಾಳುವುದನ್ನು ಕಾಣಬಹುದಾದ ಸ್ಥಳಗಳು ಹೆಚ್ಚಿಲ್ಲ; ಬ್ವಿಂಡಿ ಅವುಗಳಲ್ಲೊಂದು. ೧೯೯೧ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ೧೯೯೪ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಲ್ಲಿಗೆ ಬರುವ ಪ್ರವಾಸಿಗಳಲ್ಲಿ ಬಹುಮಂದಿಯ ಗುರಿ ಒಂದೇ: ಬೆಟ್ಟದ ಗೊರಿಲ್ಲ. ಈ ಉಪಜಾತಿಯ ಪ್ರಾಣಿಗಳು ಪ್ರಪಂಚದಲ್ಲಿ ಎರಡೇ ಕಡೆ ಇವೆ. ೨೦೧೫–೧೬ರ ಗಣತಿಯಲ್ಲಿ ವಿರುಂಗ ಜ್ವಾಲಾಮುಖಿಗಳ ಶ್ರೇಣಿಯಲ್ಲಿ ೬೦೪, ೨೦೧೮ರ ಗಣತಿಯಲ್ಲಿ ಬ್ವಿಂಡಿ ಹಾಗೂ ಅದಕ್ಕೆ ಅಂಟಿಕೊಂಡಿರುವ ಸರಂಬ್ವೆ ಕಾಡಿನಲ್ಲಿ ೪೫೯, ಒಟ್ಟು ೧,೦೬೩ ಪ್ರಾಣಿಗಳು ಲೆಕ್ಕಕ್ಕೆ ಸಿಕ್ಕಿದುವು. ಯಾವ ಮೃಗಾಲಯದಲ್ಲಿಯೂ ಇವು ಇಲ್ಲ. ಹೆಣ್ಣು ಗೊರಿಲ್ಲ ಸುಮಾರು ನಾಲ್ಕು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಒಂದೇ ಮರಿಯನ್ನು ಹೆರುತ್ತದೆ. ಹೀಗಿರಲು, ಒಂದು ಗುಂಪಿನಲ್ಲಿ ನಾಲ್ಕಾರು ಸಾವು ಸಂಭವಿಸಿದರೆ ಆ ನಷ್ಟ ತುಂಬಿಬರುವುದಕ್ಕೆ ಎಷ್ಟು ಕಾಲ ಬೇಕೆಂಬುದನ್ನು ವಾಚಕರೇ ಲೆಕ್ಕಹಾಕಬಹುದು.

ಇಷ್ಟಾದರೂ ಅವುಗಳ ಸಂಖ್ಯೆ ಏರುತ್ತಿದೆ. ೨೦೧೮ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಘವು ಇವನ್ನು ‘ತೀವ್ರ ಅಪಾಯ’ದ ವರ್ಗದಿಂದ ಒಂದು ಮೆಟ್ಟಿಲು ಇಳಿಸಿ ‘ಅಪಾಯ’ದ ವರ್ಗಕ್ಕೆ ಸೇರಿಸಿತು. ಕಾವಲುಗಾರರ ದುಡಿಮೆ, ಕಾಡಿಗೇ ಹೋಗಿ ಚಿಕಿತ್ಸೆ ಮಾಡುವ ಪಶುವೈದ್ಯರ ಸಾಹಸ, ಇವೆರಡಕ್ಕೂ ಆಧಾರವಾದ ಪ್ರವಾಸಿಗಳ ಹಣ, ಈ ಮೂರೂ ಸೇರಿ ಆದ ಕಾರ್ಯ ಇದು. ಬ್ವಿಂಡಿಯಲ್ಲಿ ಮೊದಲನೆಯ ಗೊರಿಲ್ಲ ಗುಂಪು ಪ್ರವಾಸಿಗಳ ದರ್ಶನಕ್ಕೆ ಸಿಕ್ಕಿದ್ದು ೧೯೯೩ರಲ್ಲಿ. ಕಾಡುಗೊರಿಲ್ಲ ಮನುಷ್ಯನನ್ನು ಕಂಡೊಡನೆ ಓಡುತ್ತದೆ, ಇಲ್ಲವೆ ಎದುರಿಸಿ ಬರುತ್ತದೆ. ಕಾವಲುಗಾರರು ದಿನದಿನವೂ ಅದರ ಜಾಡು ಹಿಡಿದು, ಎರಡು ವರ್ಷವೋ ಇನ್ನೂ ಹೆಚ್ಚೋ ಕಾಲ ಅದರ ಎದುರಿಗೆ ತಾಳ್ಮೆಯಿಂದ ಕುಳಿತು, ‘ಇವನು ನಿರಪಾಯಕಾರಿ’ ಎಂಬ ನಂಬಿಕೆಯನ್ನು ಹುಟ್ಟಿಸುತ್ತಾರೆ. ಆ ನಂಬಿಕೆಗೆ ನಾವು ತಕ್ಕವರೆ ಎಂಬುದೇ ನನ್ನ ಪ್ರಶ್ನೆ.

ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮಂಗಗಳು ಸಾಯತೊಡಗಿದುವು. ಜನರೂ ಜ್ವರದಿಂದ ನರಳಿದರು. ಉಣ್ಣಿಗಳ ಮೂಲಕ ಹರಡುವ ಆ ‘ಮಂಗನ ಕಾಯಿಲೆ’ಯನ್ನು ಮಲೆನಾಡಿನವರು ಇಂದಿಗೂ ಬಲ್ಲರು. ಕಾಡಿನಿಂದ ರೋಗ ಊರಿಗೆ ಬರುತ್ತದೆಂಬುದು ನಮಗೆ ಹೀಗೆ ಅನುಭವದಿಂದ ತಿಳಿದ ಸಂಗತಿ. ಆದರೆ ಊರಿನಿಂದ ಕಾಡಿಗೂ ರೋಗ ಹೋಗುತ್ತದೆಂಬುದನ್ನು ನಾವು ಆಲೋಚಿಸುವುದೇ ಅಪೂರ್ವ. ಗೊರಿಲ್ಲದ ಆನುವಂಶಿಕ ಧಾತು ನಮ್ಮದನ್ನು ನೂರಕ್ಕೆ ಸುಮಾರು ೯೮ರಷ್ಟು ಹೋಲುತ್ತದೆ. ನಮಗೆ ಎರಡು ದಿನ ಮೂಗು ಸೋರಿಸಿ ಹೋಗುವ ನೆಗಡಿ, ಅದನ್ನು ಎಂದೂ ಎದುರಿಸದ ಗೊರಿಲ್ಲಕ್ಕೆ ಶ್ವಾಸಕೋಶದ ಉರಿಯೂತವಾಗಿ ಪರಿಣಮಿಸಬಹುದು. ರುವಾಂಡದಲ್ಲಿ ೨೦೦೯ರಲ್ಲಿ ಹೀಗೆಯೇ ಆಯಿತು. ಮನುಷ್ಯರ ವೈರಸ್ಸೊಂದು ಗೊರಿಲ್ಲಗಳ ಗುಂಪನ್ನು ಹೊಕ್ಕು ಸಾವಿಗೆ ಕಾರಣವಾಯಿತು. ಬ್ವಿಂಡಿಯಲ್ಲಿ ೧೯೯೬ರಲ್ಲಿ ಕಜ್ಜಿ ತಗುಲಿ ಮರಿಯೊಂದು ಸತ್ತಿತು. ಅದು ನೆರೆಯ ಹಳ್ಳಿಗಳಿಂದ, ಬಹುಶಃ ಹೊಲದ ಬೆರ್ಚಪ್ಪನಿಗೆ ತೊಡಿಸಿದ್ದ ಹಳೆಯ ಬಟ್ಟೆಯಿಂದ ಬಂದಿತೆಂದು ಊಹಿಸಲಾಯಿತು. ಅಂದು ಚಿಕಿತ್ಸೆಗೆ ಹೋದ ಪಶುವೈದ್ಯೆ ಗ್ಲಾಡಿಸ್ ಕಲೆಮ-ಜಿಕುಸೋಕ ಅವರು ಇದರಿಂದ ತೆಗೆದ ಸಿದ್ಧಾಂತ ನೇರವಾದುದು: ಹಳ್ಳಿಯ ಜನರ ಆರೋಗ್ಯ ಸುಧಾರಿಸದೆ ಗೊರಿಲ್ಲಗಳ ಆರೋಗ್ಯ ಉಳಿಯದು. ಮುಂದೆ ೨೦೦೩ರಲ್ಲಿ ಅವರು ಇವೆರಡನ್ನೂ ಒಟ್ಟಿಗೆ ನೋಡಿಕೊಳ್ಳುವ ಸಂಸ್ಥೆಯನ್ನೇ ಕಟ್ಟಿದರು.

ಕಾಯಿದೆಗಳೇನೋ ಇವೆ. ದಿನಕ್ಕೆ ಒಂದು ಗುಂಪನ್ನು ಎಂಟು ಮಂದಿಗಿಂತ ಹೆಚ್ಚು ಪ್ರವಾಸಿಗಳು ನೋಡತಕ್ಕದ್ದಲ್ಲ, ನೋಡುವುದು ಒಂದೇ ಗಂಟೆ, ಹದಿನೈದು ವರ್ಷ ತುಂಬದವರಿಗೆ ಪ್ರವೇಶವಿಲ್ಲ, ರೋಗವಿದ್ದವರು ಹೋಗಕೂಡದು. ಏಳು ಮೀಟರಿದ್ದ ಅಂತರವನ್ನು ಕೋವಿಡ್ ಪಿಡುಗಿನ ಬಳಿಕ ಹತ್ತು ಮೀಟರಿಗೆ ಏರಿಸಿ ಮುಖಗವಸನ್ನೂ ವಿಧಿಸಿದರು. ಆದರೆ ಕಾಯಿದೆಯ ಪುಸ್ತಕ ಬೇರೆ, ಕಾಡಿನ ಇಳಿಜಾರು ಬೇರೆ. ಬ್ವಿಂಡಿಯಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಪ್ರವಾಸಿಗಳು ಗೊರಿಲ್ಲಗಳಿಗೆ ಸರಾಸರಿ ಮೂರು ಮೀಟರಿಗಿಂತಲೂ ಸಮೀಪ ಹೋಗಿದ್ದರು. ಪ್ರವಾಸಿಗಳು ತಾವೇ ಪ್ರಕಟಿಸಿಕೊಂಡ ನೂರಾರು ಛಾಯಾಚಿತ್ರಗಳನ್ನು ಬಳಿಕ ಪರಿಶೀಲಿಸಿದವರಿಗೂ ಬಹುಪಾಲು ಚಿತ್ರಗಳಲ್ಲಿ ಕಂಡುದು ಇದೇ ದೃಶ್ಯ: ಪ್ರವಾಸಿ ನಗುತ್ತಿದ್ದಾನೆ, ಅವನ ಹೆಗಲ ಹಿಂದೆ ಗೊರಿಲ್ಲ. ಕುತೂಹಲದಿಂದ ಮರಿಯೇ ಹತ್ತಿರ ಬರುವುದುಂಟು, ದಟ್ಟ ಪೊದೆಯಲ್ಲಿ ಹಿಂದೆ ಸರಿಯಲು ಜಾಗವಿಲ್ಲದಿರುವುದೂ ಉಂಟು, ಒಪ್ಪತಕ್ಕ ಮಾತೇ. ಆದರೆ ಬೆನ್ನು ತಿರುಗಿಸಿ ಚಿತ್ರಕ್ಕೆ ನಿಂತವನು ಆ ಸಮಾಧಾನವನ್ನು ಹೇಳಲಾರ.

ಹಾಗಾದರೆ ಪ್ರವಾಸವನ್ನೇ ನಿಲ್ಲಿಸಿಬಿಡಬಾರದೆ ಎಂದು ಕೇಳುವವರಿದ್ದಾರೆ. ನಾನು ಆ ಪಕ್ಷದವನಲ್ಲ. ೨೦೨೦ರಲ್ಲಿ ಪಿಡುಗಿನ ಕಾರಣದಿಂದ ಪ್ರವಾಸಿಗಳ ಬರವು ನಿಂತುಹೋಯಿತು. ಅದೇ ವರ್ಷದ ಜೂನಿನಲ್ಲಿ, ಸಣ್ಣ ಪ್ರಾಣಿಗಳ ಬೇಟೆಗೆಂದು ಕಾಡು ಹೊಕ್ಕವನೊಬ್ಬನ ಈಟಿಗೆ ‘ರಫೀಕಿ’ ಎಂಬ ಬೆಳ್ಳಿಬೆನ್ನಿನ ಹಿರಿಯ ಗಂಡು ಬಲಿಯಾಯಿತು. ಕೊಂದವನಿಗೆ ೧೧ ವರ್ಷಗಳ ಸೆರೆಯಾಯಿತು. ಸುತ್ತಲಿನ ಬೆಟ್ಟಗಳೆಲ್ಲ ತುದಿಯವರೆಗೂ ಉತ್ತು ಬಿತ್ತಿದ ಹೊಲಗಳಾಗಿರುವ ಆ ಸೀಮೆಯಲ್ಲಿ, ಕಾಡು ಕಾಡಾಗಿ ಉಳಿಯಬೇಕಾದರೆ ಅದು ನೆರೆಯವರಿಗೆ ಏನನ್ನಾದರೂ ಕೊಡುತ್ತಿರಬೇಕು. ಉದ್ಯಾನದ ಪ್ರವೇಶಧನದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಹಳ್ಳಿಗಳಿಗೆ ಸಲ್ಲುತ್ತದೆ. ಗೊರಿಲ್ಲ ನೋಡುವ ಪರವಾನಗಿಗೆ ವಿದೇಶೀಯರು ತೆರುವುದು ೮೦೦ ಡಾಲರು. ಅದರಲ್ಲಿ ಹಳ್ಳಿಯ ಪಾಲು ಹತ್ತು ಡಾಲರು. ಈ ಹತ್ತು ನನ್ನ ದೃಷ್ಟಿಯಲ್ಲಿ ತೀರ ಕೃಪಣವಾದ ಅಂಕಿ.

ಹಳ್ಳಿಯವರಿಗಿಂತಲೂ ಹೆಚ್ಚಿನ ಹಕ್ಕುಳ್ಳವರು ಬಟ್ವಾ ಜನ. ತಲೆತಲಾಂತರದಿಂದ ಈ ಕಾಡಿನಲ್ಲಿ ಬೇಟೆಯಾಡಿ, ಜೇನು ಕಿತ್ತು ಬಾಳಿದವರನ್ನು ೧೯೯೧ರಲ್ಲಿ, ಉದ್ಯಾನ ಸ್ಥಾಪನೆಯಾದಾಗ, ಹೊರಗಟ್ಟಲಾಯಿತು. ಅವರಿಗೆ ಅನ್ಯಾಯವಾಗಿದೆ, ಪರಿಹಾರ ಸಲ್ಲಬೇಕು ಎಂದು ಯುಗಾಂಡದ ಸಂವಿಧಾನ ನ್ಯಾಯಾಲಯ ತೀರ್ಪಿತ್ತದ್ದು ೨೦೨೧ರಲ್ಲಿ, ಮೂವತ್ತು ವರ್ಷಗಳ ಮೇಲೆ. ಈಗ ಪ್ರವಾಸಿಗಳೆದುರು ಅವರು ತಮ್ಮ ಹಳೆಯ ಬದುಕನ್ನು ಅಭಿನಯಿಸಿ ತೋರಿಸುವ ಏರ್ಪಾಡಿದೆ. ಕಾಡಿನ ಒಂದೊಂದು ಬಳ್ಳಿಯ ಗುಣವನ್ನೂ ಬಲ್ಲವರು ಕಾಡಿನಂಚಿನಲ್ಲಿ ನಟರಾಗಿ ನಿಲ್ಲುವುದಕ್ಕಿಂತ, ಸಂಬಳ ಪಡೆಯುವ ಮಾರ್ಗದರ್ಶಕರಾಗಿ ಮುಂದೆ ನಡೆಯುವುದಲ್ಲವೆ ಉಚಿತ?

ಇನ್ನು ರೋಗದ ಮಾತು. ಎಂಟುನೂರು ಡಾಲರು ತೆತ್ತು, ಕಡಲು ದಾಟಿ ಬಂದವನು ಬೆಳಗ್ಗೆ ಎದ್ದಾಗ ಗಂಟಲು ಕೆರೆದರೆ ಅದನ್ನು ಬಾಯಿಬಿಟ್ಟು ಹೇಳುವನೆ? ಹೇಳುವುದಿಲ್ಲ, ಕೆಮ್ಮನ್ನು ನುಂಗಿಕೊಂಡು ಬೆಟ್ಟ ಹತ್ತುತ್ತಾನೆ. ಮನುಷ್ಯಸ್ವಭಾವವೇ ಅದು. ಆದುದರಿಂದ ರೋಗವನ್ನು ಒಪ್ಪಿಕೊಂಡವನಿಗೆ ಪೂರ್ತಿ ಹಣವನ್ನು ಹಿಂತಿರುಗಿಸಬೇಕು, ಇಲ್ಲವೆ ಮತ್ತೊಂದು ದಿನದ ಪರವಾನಗಿಯನ್ನು ಉಚಿತವಾಗಿ ಕೊಡಬೇಕು. ನಷ್ಟವನ್ನು ಉಳಿದವರ ಶುಲ್ಕದಲ್ಲಿ ಕೊಂಚ ಹಂಚಿದರಾಯಿತು. ಹೊರಡುವ ಮುನ್ನ ಜ್ವರವನ್ನು ಅಳೆಯುವುದೊಂದನ್ನೇ ನಂಬುವಂತಿಲ್ಲ. ಜ್ವರವಿಲ್ಲದ ನೆಗಡಿಯೂ ಹರಡುತ್ತದೆ. ಹಾಗೆ ಹಿಂದುಳಿದವನ ದಿನವೇನೂ ವ್ಯರ್ಥವಾಗದು. ಬುಹೋಮದ ಕಡೆಯಿಂದ ಜಲಪಾತಕ್ಕೆ ಹೋಗುವ ಕಾಲುದಾರಿಯಿದೆ. ಕೋಲೊಂದು, ಕೆಸರಿಗೆ ತಡೆಯುವ ಬೂಟು, ಇರುವೆಗಳು ಏರದಂತೆ ಕಾಲುಚೀಲದೊಳಕ್ಕೆ ಸಿಕ್ಕಿಸಿದ ಷರಾಯಿ ಇಷ್ಟಿದ್ದರೆ, ಗೊರಿಲ್ಲಗಳ ಗೊಡವೆಗೆ ಹೋಗದೆ ಮೆಲ್ಲನೆ ನಡೆಯುತ್ತ ಹಕ್ಕಿಗಳನ್ನು ನೋಡಬಹುದು. ಆ ಕಾಡಿನಲ್ಲಿ ಸುಮಾರು ೩೫೦ ಜಾತಿಯವು ಇವೆ.