ಅಂಗಳದ ಲೈಟಿಗೆ ಎಷ್ಟು ಬುದ್ಧಿ ಬೇಕು?

ಹೋದ ತಿಂಗಳು ಎನ್‌ಆರ್‌ಇ ಖಾತೆಯ ಬಗ್ಗೆ ಬರೆದಿದ್ದೆ. ಅದಾದ ಮೇಲೆ ವಾಟ್ಸಾಪ್‌ನಲ್ಲಿ ಮೂವರು ಕೇಳಿದ್ದು ಬೇರೆಯೇ ಪ್ರಶ್ನೆ: "ಸರ್, ಈ ಸಲ ರಜೆಗೆ ಹೋದಾಗ ಊರಿನ ಮನೆ ಅಂಗಳಕ್ಕೆ ಸ್ಮಾರ್ಟ್ ಲೈಟ್ ಹಾಕಿಸಬೇಕು, ಇಲ್ಲಿಂದಲೇ ಮೊಬೈಲ್‌ನಲ್ಲಿ ಆನ್-ಆಫ್ ಮಾಡೋ ಹಾಗೆ. ಯಾವುದು ಒಳ್ಳೇದು?" ನಾನು ಎಲೆಕ್ಟ್ರಿಷಿಯನ್ ಅಲ್ಲ, ಲೆಕ್ಕ ಬರೆಯುವವನು. ಆದರೆ ಇದರಲ್ಲಿ ಪೆಟ್ಟು ತಿಂದಿದ್ದೇನೆ, ಹಾಗಾಗಿ ಹೇಳ್ತೇನೆ.

ನಮ್ಮ ಮನೆ ಪುತ್ತೂರಿನ ಹತ್ತಿರ. ಮನೆಗೂ ದನದ ಹಟ್ಟಿಗೂ ನಡುವೆ ಅಡಿಕೆ ಒಣಗಿಸುವ ಅಂಗಳ. ಅಲ್ಲಿರೋದು ಅಮ್ಮ ಒಬ್ಬರೇ. ಎರಡು ವರ್ಷದ ಹಿಂದೆ ರಜೆಯಲ್ಲಿ ಹಳೆಯ ಸ್ವಿಚ್ ತೆಗೆಸಿ, ಮಾಡಿನ ಅಡಿಯ ಡಬ್ಬಿಯಲ್ಲಿ ವೈಫೈ ಮಾಡ್ಯೂಲ್ ಕೂರಿಸಿದೆ. ದುಬೈಗೆ ವಾಪಸ್ ಬಂದು ಆ್ಯಪ್‌ನಲ್ಲಿ "ಸೂರ್ಯ ಮುಳುಗಿದಾಗ ಆನ್" ಅಂತ ಹಾಕಿದೆ. ಜಾಗ ಯಾವುದು ಅಂತ ಕೇಳಿತು. ಫೋನ್ ತೋರಿಸಿದ ಲೊಕೇಶನ್‌ಗೇ ಓಕೆ ಒತ್ತಿಬಿಟ್ಟೆ.

ತಪ್ಪಿದ್ದು ಅಲ್ಲೇ. ಜೂನ್‌ನಲ್ಲಿ ಪುತ್ತೂರಲ್ಲಿ ಸೂರ್ಯ ಮುಳುಗೋದು ಸುಮಾರು 7 ಗಂಟೆಗೆ. ದುಬೈನಲ್ಲಿ ಇಲ್ಲಿಯ 7.10ಕ್ಕೆ, ಅಂದರೆ ಊರಿನ ಗಡಿಯಾರದಲ್ಲಿ 8.40. ಒಂದೂವರೆ ಗಂಟೆಗೂ ಮೀರಿ ಅಂಗಳ ಕತ್ತಲೆ. ಹಾಲು ಕರೆಯಲು ಹೋಗುವ ಹೊತ್ತೇ ಅದು. ಅಮ್ಮ ಕೈಯಲ್ಲಿ ಹಾಕೋಣ ಅಂದರೆ ಸ್ವಿಚ್ಚೇ ಇಲ್ಲ. ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಬಿದ್ದು ಎಡಗೈ ಮುರಿಯಿತು. "ಮೊದಲೇ ಯಾಕೆ ಹೇಳಲಿಲ್ಲ?" ಅಂತ ಕೇಳಿದರೆ, "ನೀನು ಅಲ್ಲಿ ಕೆಲಸದಲ್ಲಿರ್ತಿ, ಒಂದು ಲೈಟಿಗೆ ಎಂತ ಹೇಳುವುದು ಮಗಾ" ಅಂದರು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಮನೆಯಲ್ಲಿ ಜನ ಇದ್ದರೆ, ಅಂಗಳದ ಲೈಟು ನಿಮ್ಮ ಮೊಬೈಲನ್ನು ನಂಬಿಕೊಂಡು ಇರಬಾರದು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ನಿಮಗೇ ಗೊತ್ತು. ಕರೆಂಟು ಬಂದರೂ ರೂಟರ್ ಎದ್ದು ನಿಲ್ಲಲು ಹೊತ್ತು ಬೇಕು. ಮುರಕಲ್ಲಿನ ದಪ್ಪ ಗೋಡೆ ದಾಟಿ ವೈಫೈ ಅಂಗಳಕ್ಕೆ ಸರಿಯಾಗಿ ಸಿಗೋದೂ ಇಲ್ಲ. ಇನ್ನು ಕೆಲವು ಸ್ಮಾರ್ಟ್ ಬಲ್ಬುಗಳು ಕರೆಂಟು ಬಂದ ಕೂಡಲೇ ತಾವಾಗಿ ಉರಿಯುತ್ತವೆ, ರಾತ್ರಿ ಎರಡು ಗಂಟೆಯಾದರೂ ಸರಿ. ಆ್ಯಪ್‌ನಲ್ಲಿ ಅದಕ್ಕೆ ಸೆಟ್ಟಿಂಗ್ ಇದೆಯಾ ಅಂತ ಕೊಳ್ಳುವ ಮೊದಲೇ ನೋಡಿ. ಹಳೆಯ ಸ್ವಿಚ್ ಬೋರ್ಡಿನಲ್ಲಿ ನ್ಯೂಟ್ರಲ್ ವೈರ್ ಇಲ್ಲದಿದ್ದರೆ ಹೆಚ್ಚಿನ ಸ್ಮಾರ್ಟ್ ಸ್ವಿಚ್‌ಗಳು ಕೂರುವುದೇ ಇಲ್ಲ.

ಕರೆಂಟ್ ಬಿಲ್ ಉಳಿಯುತ್ತದೆ ಅನ್ನುವವರಿಗೆ ಒಂದು ಲೆಕ್ಕ. 20 ವ್ಯಾಟಿನ ಎಲ್‌ಇಡಿ ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ 7.2 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 50 ರೂಪಾಯಿ. ಅದರಲ್ಲಿ ಅರ್ಧ ಉಳಿಸಲು 2,000 ರೂಪಾಯಿಯ ಸಾಮಾನು ತಂದರೆ ಅಸಲು ಹುಟ್ಟಲು 80 ತಿಂಗಳು ಬೇಕು. ಅಷ್ಟರಲ್ಲಿ ಸಿಡಿಲು ಅದನ್ನು ಬಿಟ್ಟರೆ ತಾನೆ!

ಈಗ ನಮ್ಮಲ್ಲಿರುವುದು ಡೇ-ನೈಟ್ ಸೆನ್ಸರ್, ಕೆಲವು ನೂರು ರೂಪಾಯಿಯದ್ದು. ಕತ್ತಲಾದರೆ ಆನ್, ಬೆಳಕಾದರೆ ಆಫ್. ಮೋಡ ಕವಿದು ಸಂಜೆ ಆರಕ್ಕೇ ಕಪ್ಪಾದರೂ ಹೊತ್ತಿಕೊಳ್ಳುತ್ತದೆ, ಟೈಮರಿಗೆ ಆ ಬುದ್ಧಿ ಇಲ್ಲ. ಒಂದೇ ಎಚ್ಚರಿಕೆ, ಲೈಟಿನ ಬೆಳಕು ಸೆನ್ಸರಿನ ಮೇಲೆ ಬೀಳಬಾರದು, ಬಿದ್ದರೆ ರಾತ್ರಿಯಿಡೀ ಆನ್-ಆಫ್ ಆಟ. ಹಟ್ಟಿಯ ಬಾಗಿಲಿಗೆ ಮೋಷನ್ ಸೆನ್ಸರ್ ಹಾಕಿಸಿದ್ದೇನೆ. ನಾಯಿ ಬಂದರೂ ಉರಿಯುತ್ತದೆ, ಉರಿಯಲಿ ಬಿಡಿ. ಎರಡಕ್ಕೂ ಅಡುಗೆಮನೆ ಬಾಗಿಲ ಪಕ್ಕ ಒಂದೊಂದು ಮಾಮೂಲಿ ಸ್ವಿಚ್, ಸೆನ್ಸರ್ ಕೆಟ್ಟರೂ ನೇರವಾಗಿ ಲೈಟ್ ಹಾಕುವ ಹಾಗೆ. ಮಳೆ ನೀರು ಹೊಡೆಯುವ ಕಡೆ ಲೈಟಿನ ಮೇಲೆ ಐಪಿ65 ಅಂತ ಬರೆದಿರಲಿ.

ಮನೆಗೆ ಬೀಗ ಹಾಕಿದ್ದರೆ ಮಾತು ಬೇರೆ. ಅಲ್ಲಿ ಮೊಬೈಲ್‌ನಿಂದ ಆನ್-ಆಫ್ ಮಾಡುವುದರಲ್ಲಿ ಅರ್ಥ ಇದೆ. ಆದರೆ ಲೊಕೇಶನ್ ಊರಿನದ್ದೇ ಹಾಕಿ, ಪಕ್ಕದ ಮನೆಯವರ ಫೋನಿಗೂ ಆ್ಯಪ್ ಹಂಚಿಕೊಳ್ಳಿ. ಇಲ್ಲಿಂದ ಕೊಂಡೊಯ್ದರೆ ಯುಎಇಯಲ್ಲೂ ಊರಲ್ಲೂ 230 ವೋಲ್ಟ್, ತೊಂದರೆ ಇಲ್ಲ. ವಾರಂಟಿ ಮಾತ್ರ ಇಲ್ಲೇ ಉಳಿಯುತ್ತದೆ.

ಏನೇ ಹಾಕಿಸಿದರೂ, ವಿಮಾನ ಹತ್ತುವ ಹಿಂದಿನ ರಾತ್ರಿ ರೂಟರ್ ಆಫ್ ಮಾಡಿ, ಮನೆಯವರನ್ನೇ ಅಂಗಳ ದಾಟಿ ಹೋಗಿ ಬರಲು ಹೇಳಿ. ನೀವು ಜಗಲಿಯಲ್ಲಿ ಸುಮ್ಮನೆ ಕೂತು ನೋಡಿ.